ಎಲ್ಲರಿಗೂ ಒಂದೇ ಚಿತ್ರ

ಹುಬ್ಬಳ್ಳಿಯ ಬಸ್ ನಿಲ್ದಾಣದ ಎದುರಿನ ಗೋಡೆ ಆ ಸಂಜೆಯೂ ತನ್ನ ಕೆಲಸದಲ್ಲಿತ್ತು. ಬಸ್ಸಿಗೆ ಕಾದಿದ್ದ ಮುದುಕಿಗೆ ಅಲ್ಲಿ ಇಳಕಲ್ ಸೀರೆಯ ಜಾಹೀರಾತು ಕಾಣುತ್ತಿತ್ತು. ತುಂಬ ಬಣ್ಣ, ತುಂಬ ಅಕ್ಷರ, ಆಕೆಗೆ ಹೇಗೆ ಬೇಕೋ ಹಾಗೆ. ಪಕ್ಕದಲ್ಲೇ ನಿಂತಿದ್ದ ಮೊಮ್ಮಗಳಿಗೆ ಅದೇ ಗೋಡೆಯಲ್ಲಿ ಬಿಳಿಯ ಬಯಲು, ಮೂಲೆಯಲ್ಲಿ ಒಂದೇ ಒಂದು ಬೂಟು. ಇಬ್ಬರೂ "ಚಲೋ ಐತಿ" ಎಂದರು. ಏನು ಚಲೋ ಎಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಕೇಳುವ ರೂಢಿ ಊರಿಗೇ ತಪ್ಪಿಹೋಗಿತ್ತು.

ಇದಕ್ಕೆ ನೋಟಗೋಡೆ ಎಂದು ಹೆಸರು. ಅದರ ಒಂದೊಂದು ಬೆಳಕಿನ ಚುಕ್ಕೆಯೂ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ಬಣ್ಣ ಕಳಿಸಬಲ್ಲದು. ಗೋಡೆಯೊಳಗಿನ ಕ್ಯಾಮೆರಾ ನಿಮ್ಮ ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ಗಮನಿಸಿ, ಆ ಕ್ಷಣವೇ ನಿಮ್ಮೊಬ್ಬರಿಗಾಗಿ ಚಿತ್ರವನ್ನು ತಿದ್ದುತ್ತದೆ. ಯಾವುದಕ್ಕೆ ಒತ್ತು, ಎಷ್ಟು ಜಾಗ ಖಾಲಿ, ಭಾರ ಎಡಕ್ಕೋ ಬಲಕ್ಕೋ, ಎಲ್ಲವೂ ನಿಮ್ಮ ಇಷ್ಟದಂತೆ. ಹೀಗಿರುವಾಗ ಯಾರಿಗೆ ತಾನೇ ಬೇಸರವಾದೀತು?

ಇದನ್ನು ಕಂಡುಹಿಡಿದವಳು ನೀಲಗಂಗಾ, ಬೆಳಕಿನ ವಿಜ್ಞಾನಿ. ವಿನ್ಯಾಸದ ಪಾಠವನ್ನು ಯಂತ್ರಕ್ಕೆ ಕಲಿಸಿದವನು ಅವಳ ಗಂಡ ಮೌನೇಶ, ಜಾಹೀರಾತುಗಳನ್ನು ರೂಪಿಸುವ ಕಲಾವಿದ. ಅವರಿಬ್ಬರ ಸಂಸಾರ ನಡೆದದ್ದೇ ಜಗಳದ ಮೇಲೆ. ಸಂಜೆ ಅಡ್ಡಾಡಲು ಹೊರಟರೆ ಪ್ರತಿ ಹೋರ್ಡಿಂಗ್ ಮುಂದೆಯೂ ನಿಲ್ಲುವುದು. ಮೌನೇಶ ಕಣ್ಣನ್ನು ಅರ್ಧ ಮುಚ್ಚಿ, ಸೊಂಟ ಬಗ್ಗಿಸಿ, ಕಾಲ ಸಂದಿಯಿಂದ ಚಿತ್ರವನ್ನು ತಲೆಕೆಳಗಾಗಿ ನೋಡುವುದು. ಅಕ್ಷರದ ಅರ್ಥ ಅಡ್ಡ ಬರದಿದ್ದರೆ ಸಮತೋಲ ತಾನಾಗಿ ತಿಳಿಯುತ್ತದೆ ಎನ್ನುತ್ತಿದ್ದ. ಜನ ನಗುತ್ತಿದ್ದರು. "ತುಂಬಾಕ ಬರದಾಂವ ಖಾಲಿ ಬಿಡ್ತಾನ" ಎಂದು ಅವಳು ರೇಗಿಸುತ್ತಿದ್ದಳು. ಅವನಿಗೆ ಮೈ ಉರಿಯುತ್ತಿತ್ತು. ಆ ದಿನಗಳಲ್ಲಿ ಇಬ್ಬರೂ ಸುಖವಾಗಿದ್ದರು.

ಊರಿನ ಗೋಡೆಗಳೆಲ್ಲ ನೋಟಗೋಡೆಗಳಾದ ಮೇಲೂ ಕೆಲವು ದಿನ ಹಳೆಯ ಚಾಳಿ ಬಿಡಲಿಲ್ಲ. "ಎಡಕ್ಕ ಭಾಳ ಭಾರ ಆತಲ್ಲ?" ಎಂದು ಅವನು ಕೇಳುವುದು. "ನನಗ ಎಡಕ್ಕ ಏನೂ ಇಲ್ಲಲ್ಲ" ಎಂದು ಇವಳು ಹೇಳುವುದು. ಬರಬರುತ್ತ ಅದೂ ನಿಂತಿತು. ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ, ಮಾತಿಗೆ ಬಂದಿತ್ತು.

ಈಗ ಮೌನೇಶ ಗದಗಿನ ಅಕ್ಕನ ಮನೆಗೆ ಹೊರಟಿದ್ದ.

"ಎಷ್ಟ ದಿನಾ?" ಎಂದು ನೀಲಗಂಗಾ ಕೇಳಿದ್ದಳು.

"ನೋಡೂಣು."

"ನನ್ನ ಮ್ಯಾಲ ಸಿಟ್ಟೈತೇನು?"

"ಸಿಟ್ಟ ಬರಾಕರ ಏನರ ಬೇಕಲ್ಲ, ನೀಲಾ. ನಾವಿಬ್ರೂ ಕೂಡಿ ಒಂದ ವಸ್ತು ನೋಡಿ ಎಷ್ಟ ದಿನಾ ಆತು?"

ಹೋದರೆ ಇವನು ಮರಳಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಹಳೆಯ ಅಚ್ಚಿನ ಪೋಸ್ಟರುಗಳನ್ನು ಹುಡುಕಿ ಊಟದ ಮೇಜಿನ ಮೇಲೆ ಹರಡಿದಳು. ಆದರೆ ಕಾಗದ ನೋಡುವವರ ಕಡೆಗೆ ಕೂದಲೆಳೆಯಷ್ಟೂ ಸರಿಯುವುದಿಲ್ಲ. ನೋಟಗೋಡೆಗೆ ಒಗ್ಗಿಹೋದ ಕಣ್ಣುಗಳು ಅದರ ಮೇಲೆ ನಿಲ್ಲಲೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಉಳಿದದ್ದು ಗೋಡೆ. ನಿಲ್ದಾಣದ ಗೋಡೆಯನ್ನು ಪರೀಕ್ಷೆಯ ನೆಪದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವ ಅಧಿಕಾರ ಅವಳಿಗಿತ್ತು. ಮೌನೇಶ ಬಸ್ಸಿಗೆ ಬಂದು ನಿಂತಾಗ, ಜೊತೆಗೆ ಬಂದಿದ್ದ ಅವಳು ಗೋಡೆಯ ಕ್ಯಾಮೆರಾ ಮುಚ್ಚಿಸಿ, ಎಲ್ಲ ದಿಕ್ಕಿಗೂ ಒಂದೇ ಚಿತ್ರ ಹೋಗುವಂತೆ ಮಾಡಿದಳು. ಅದು ಮದುವೆಗೆ ಮುಂಚೆ ಅವನು ಮಾಡಿದ್ದ ಚಹಾಪುಡಿಯ ಪೋಸ್ಟರ್. ಕಡುಹಸಿರು ಬಯಲು, ಕೆಳಗೆ ಬಲಕ್ಕೆ ಪುಟ್ಟ ಲೋಟ, ಒಂದೆಳೆ ಹಬೆ. ಅದರ ಮೇಲೆ ಜಗಳವಾಗಿ ವಾರಗಟ್ಟಲೆ ಮಾತು ಬಿಟ್ಟಿದ್ದರು.

ಸುತ್ತಲಿನ ಜನ ಒಮ್ಮೆ ನೋಡಿ, ಗೋಡೆ ಕೆಟ್ಟಿದೆ ಎಂದುಕೊಂಡು ಬೆನ್ನು ತಿರುಗಿಸಿದರು.

"ಏನ್ ಕಾಣಸ್ತೈತಿ?" ನೀಲಗಂಗಾ ಕೇಳಿದಳು.

"ಚಲೋ ಐತಿ."

"ಹಂಗಲ್ಲ. ಈಗ ನನಗೂ ಅದ ಕಾಣಾಕತ್ತೈತಿ. ನಿನ್ನ ಚಹಾದ ಲೋಟ. ಅಷ್ಟ ಜಾಗಾ ದಂಡ ಅಂತ ಆವತ್ತ ಅಂದಿದ್ದೆ. ಈಗೂ ಅಂತೀನಿ. ಜಗಳ ತಗೀ."

ಮೌನೇಶ ಅವಳನ್ನೇ ನೋಡಿದ. ಅವನಿಗೆ ಪಾಪ ಎನ್ನಿಸಿತು.

"ಇದನ್ನ ಗೋಡಿ ನನಗ ದಿನಾ ತೋರಸ್ತೈತಿ, ನೀಲಾ. ಮೊದಲಿಂದೂ ಇದ. ನನ್ನ ಕಣ್ಣು ಇದರ ಮ್ಯಾಲ ನಿಲ್ತೈತಿ ಅಂತ ಅದಕ್ಕ ಗೊತ್ತೈತಿ."

ಅವಳಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ಕೇಳಿರಲೇ ಇಲ್ಲ.

"ಇವತ್ತ ಬ್ಯಾರೆ. ಇವತ್ತ ಖರೇನ ಎಲ್ಲಾರಿಗೂ ಒಂದ. ಬೇಕಾದ್ರ ಯಾರನ್ನರ ಕೇಳು."

"ಇರಬಹುದು. ನೋಡಿದ್ರ ಗೊತ್ತಾಗೂದಿಲ್ಲಲ್ಲ. ಕೇಳಿ ಖಾತ್ರಿ ಮಾಡ್ಕೊಂಡು, ಆಮ್ಯಾಲ ಜಗಳಾಡೂದೇನು?"

ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವನು ಕೇಳಲಿಲ್ಲ. ಉಪಕರಣ ಹಿಡಿದು ಸಾಬೀತು ಮಾಡಲು ಅವಳಿಗೂ ಬರುತ್ತಿತ್ತು. ಗಂಡನ ಮುಂದೆ ಸಾಕ್ಷಿ ಹಿಡಿದು ನಿಲ್ಲುವ ಹೊತ್ತು ಬಂದ ಮೇಲೆ ಇನ್ನೇನು ಉಳಿಯಿತು ಎಂದು ಅದಕ್ಕೆ ಕೈ ಹಾಕಲಿಲ್ಲ. ಗದಗಿನ ಬಸ್ಸು ಬಂತು, ಅವನು ಹತ್ತಿದ.

ಗೋಡೆ ಮತ್ತೆ ಕಣ್ಣು ತೆರೆದಾಗ ನೀಲಗಂಗಾ ಅಲ್ಲೇ ನಿಂತಿದ್ದಳು. ಲೋಟ ಇದ್ದ ಜಾಗದಿಂದ ಅವಳ ನೋಟ ಕದಲಲಿಲ್ಲ. ಗೋಡೆ ಅದನ್ನು ಗುರುತು ಹಾಕಿಕೊಂಡಿತು. ಮರುದಿನದಿಂದ ಹುಬ್ಬಳ್ಳಿಯಲ್ಲಿ ಅವಳಿಗೂ ಗದಗಿನಲ್ಲಿ ಅವನಿಗೂ ಗೋಡೆಗಳು ತೋರಿಸಿದ್ದು ಒಂದೇ ಚಿತ್ರ. ಅದು ಇಬ್ಬರಿಗೂ ಕೊನೆಯವರೆಗೆ ತಿಳಿಯಲಿಲ್ಲ.

ನಮ್ಮ ಗೋಡೆಗಳಿಗೆ ಇನ್ನೂ ಈ ವಿದ್ಯೆ ಬಂದಿಲ್ಲ. ಜೇಬಿನ ಫೋನು ಆಗಲೇ ಕಲಿತಿದೆ, ಆ ಮಾತು ಬೇರೆ. ಊರ ಸರ್ಕಲ್ಲುಗಳಲ್ಲಿ ಈಗಲೂ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸುಗಳು ನೇತಾಡುತ್ತಿವೆ. ಗುಲಾಬಿ ಹಿನ್ನೆಲೆ, ಹಳದಿ ಅಕ್ಷರ, ಬೆರಳಿಡಲು ಜಾಗವಿಲ್ಲದಂತೆ ಮುಖಗಳು. ಇಂದು ಸಿಗ್ನಲ್ಲಿನಲ್ಲಿ ನಿಂತಾಗ ಬೈಕಿನಲ್ಲಿ ಹಿಂದೆ ಕೂತವರಿಗೆ ಅದನ್ನು ತೋರಿಸಿ, ಎಷ್ಟು ಕೆಟ್ಟದಾಗಿದೆ ನೋಡು ಎನ್ನಿ. ನೀವು ಕೈ ಚಾಚಿದ ಕಡೆ ಅವರು ನೋಡುತ್ತಾರೆ. ಅವರಿಗೂ ಅದೇ ಕಾಣುತ್ತದೆ.