ನಲವತ್ತೊಂದನೆಯ ಪೆಟ್ಟಿಗೆ

ಮಧ್ಯಾಹ್ನ ನಾಲ್ಕಕ್ಕೆ ಟಾರ್ಪಾಲು ಸರಿಸಿದಾಗ ಕಂದಕದಲ್ಲಿ ಹುಡುಗಿ ಇರಲಿಲ್ಲ.

ಹುಡುಗಿ ಎಂದರೆ ಅಸ್ಥಿಪಂಜರ. ಹನ್ನೆರಡಕ್ಕೆ ನಾವು ಊಟಕ್ಕೆ ಏಳುವಾಗ ತಲೆ ಒಂದು ಕಡೆ ವಾಲಿಸಿ ಮಲಗಿದ್ದಳು. ಎಡಗೈ ಇನ್ನೂ ಮಣ್ಣಿನೊಳಗಿತ್ತು. ಈಗ ಅಲ್ಲಿ ಬರೀ ಕೆದರಿದ ಮಣ್ಣು.

"ಎದ್ದು ಹೋದಳು," ಎಂದ ಒಬ್ಬ ವಿದ್ಯಾರ್ಥಿ. ಯಾರೂ ನಗಲಿಲ್ಲ. ಮೂರು ದಿನದಿಂದ ಎಲ್ಲರೂ ಮಲಗುವ ಮಧ್ಯಾಹ್ನದ ಹೊತ್ತಿನಲ್ಲಿ ಕಂದಕದ ಕಡೆಯಿಂದ ಅಳು ಕೇಳುತ್ತಿತ್ತು. ನಾನೂ ಕೇಳಿದ್ದೆ. ಹೆದರಿಕೆ ಆಗಿತ್ತು, ಸುಳ್ಳೇಕೆ ಹೇಳಲಿ.

ಪತ್ತೇದಾರಿಕೆ ನನ್ನ ಕೆಲಸವಲ್ಲ. ಪ್ರತಿ ಬೇಸಿಗೆ ನಮ್ಮ ವಿಶ್ವವಿದ್ಯಾಲಯದ ಹುಡುಗರು ಉತ್ಖನನ ಕಲಿಯಲು ಈ ಪರದೇಶಕ್ಕೆ ಬರುತ್ತಾರೆ. ಅವರು ಅಗೆದು ತೆಗೆದದ್ದನ್ನು ತೊಳೆದು, ಚೀಟಿ ಕಟ್ಟಿ, ಉಗ್ರಾಣದಲ್ಲಿ ಇಡುವವಳು ನಾನು. ಬೆನ್ನ ಹಿಂದೆ ನನ್ನನ್ನು ಕಬ್ಬಿಣದ ಕಡಲೆ ಅನ್ನುತ್ತಾರೆ. ಅನ್ನಲಿ.

ಶಿಬಿರದ ನಿರ್ದೇಶಕರು ಓಡಿ ಬಂದರು. ಎರಡು ಸಾವಿರ ವರ್ಷ ಹಳೆಯ ಹೆಣ್ಣುಮಗಳು ಸಿಕ್ಕಳೆಂದು ಮೊನ್ನೆಯಷ್ಟೇ ಪತ್ರಿಕೆಯವರ ಮುಂದೆ ಎದೆಯುಬ್ಬಿಸಿದ್ದವರು. ಕಂದಕ ನೋಡಿದವರೇ ಗುಬ್ಬಿಯ ಕಡೆ ತಿರುಗಿದರು. ಗುಬ್ಬಿ ಎಂದರೆ ತಂಡದಲ್ಲೇ ಚಿಕ್ಕ ಹುಡುಗಿ.

"ಊಟದ ಹೊತ್ತಲ್ಲಿ ಇವಳು ಇಲ್ಲಿ ಓಡಾಡಿದ್ದನ್ನ ನಾನೇ ನೋಡಿದೀನಿ. ಪೊಲೀಸರಿಗೆ ಹೇಳಿಕಳಿಸ್ತೀನಿ."

ಬೇಲಿಯಾಚೆ ಮನೆಯೊಡತಿ ಅಜ್ಜಿ ನಿಂತಿದ್ದರು. ಹತ್ತು ಬೇಸಿಗೆ ನಮಗೆ ಮನೆ ಕೊಟ್ಟು ನಮ್ಮ ಮಾತು ಕಲಿತವರು. ಮೂರು ದಿನದಿಂದ ಅವರದು ಒಂದೇ ಪ್ರಶ್ನೆ.

"ಎಡಗೈ ನೋಡಿದ್ರಾ ಮಗಳೇ?"

ಐವತ್ತಾರು ವರ್ಷದ ಹಿಂದೆ ಅವರ ಅಕ್ಕ ಕಾಣೆಯಾಗಿದ್ದಳು. ಚಿಕ್ಕವಳಿದ್ದಾಗ ಮರದಿಂದ ಬಿದ್ದು ಅವಳ ಎಡಗೈ ಸೊಟ್ಟಗೆ ಕೂಡಿಕೊಂಡಿತ್ತಂತೆ. ಕೇಳಿದಾಗಲೆಲ್ಲ ನಿರ್ದೇಶಕರು ನಕ್ಕು ಕಳಿಸಿದ್ದರು.

"ಇಲ್ಲ ಅಜ್ಜಿ. ಈಗ ಮೂಳೆನೇ ಇಲ್ಲ," ಎಂದೆ.

ಅಜ್ಜಿ ಬೇಲಿ ಹಿಡಿದು ಅಲ್ಲೇ ಕುಸಿದರು. ಅದೇ ಅಳು. ಮೂರು ದಿನದ ದೆವ್ವ ಯಾರೆಂದು ತಿಳಿಯಿತು. ಆದರೆ ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

* * *

ಮಡಕೆ ಚೂರು ತೊಳೆಯುವ ತೊಟ್ಟಿಯ ಹತ್ತಿರ ಗುಬ್ಬಿ ಮೂಗು ಒರೆಸಿಕೊಳ್ಳುತ್ತಿದ್ದಳು.

"ಕಂದಕಕ್ಕೆ ಹೋಗಿದ್ದೆಯಾ?"

"ಹೋಗಿದ್ದೆ ಮೇಡಂ. ಹನ್ನೆರಡೂವರೆಗೆ. ಕಂದಕದ ಗೋಡೆ ಇನ್ನೊಂದ್ಸಲ ನೋಡೋಕೆ."

"ಗೋಡೆಯಲ್ಲಿ ಏನಿದೆ?"

"ಬೆಳಿಗ್ಗೆ ಅದರ ಮಣ್ಣಿನ ಪದರಗಳ ಚಿತ್ರ ಬರೆದೆ. ಅವಳನ್ನ ಹೂತ ಗುಂಡಿಯ ಅಂಚು ಮೇಲಿಂದಲೇ ಇಳಿದಿತ್ತು. ಬಾಟ್ಲಿ ಮುಚ್ಚಳ ಸಿಕ್ಕ ಪದರ ಇದೆಯಲ್ಲ, ಅದನ್ನ ಸೀಳ್ಕೊಂಡು. ಸರ್‌ಗೆ ತೋರಿಸಿದೆ. ತಪ್ಪು ಬರೆದಿದೀಯ ಅಂತ ಕಾಗದ ಕಿತ್ಕೊಂಡು ಹೋದ್ರು."

"ನೀನು ಹೋದಾಗ ಮೂಳೆ ಇತ್ತಾ?"

"ಇತ್ತು. ಅಂಚೂ ಇತ್ತು."

ನಾನು ಕಂದಕಕ್ಕೆ ಇಳಿದೆ. ಅಗೆಯುವ ಮುನ್ನ ಸುತ್ತ ದಾರ ಎಳೆಯುತ್ತೇವೆ. ಗೋಡೆ ಆ ದಾರಕ್ಕೆ ಸರಿಯಾಗಿ ಇಳಿಯಬೇಕು. ಬೆರಳಗಲ ತಪ್ಪಿದರೂ ಹುಡುಗರಿಗೆ ನಿರ್ದೇಶಕರಿಂದ ಮಂಗಳಾರತಿ. ಈಗ ಒಂದು ಗೋಡೆ ದಾರದಿಂದ ಗೇಣು ಹಿಂದೆ ಸರಿದಿತ್ತು. ಹೊಸದಾಗಿ ಕೆರೆದದ್ದು, ಮಣ್ಣು ಇನ್ನೂ ತೇವ. ಗುಬ್ಬಿ ಹೇಳಿದ ಅಂಚು ಎಲ್ಲೂ ಇರಲಿಲ್ಲ.

ಅಲ್ಲಿಂದ ನೇರ ಉಗ್ರಾಣಕ್ಕೆ ಹೋದೆ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಅಗೆತದಲ್ಲಿ ಸಿಕ್ಕ ಕುರಿ ಮೂಳೆಯ ಪೆಟ್ಟಿಗೆ ಎಣಿಸಿದೆ. ಬೆಳಿಗ್ಗೆ ನಲವತ್ತಿದ್ದವು, ಈಗ ನಲವತ್ತೊಂದು. ಕೊನೆಯದರ ಚೀಟಿ ನಾನು ಬರೆದದ್ದಲ್ಲ. ಮುಟ್ಟದೆ ಹೊರಗೆ ಬಂದು ಪೊಲೀಸರಿಗಾಗಿ ಕಾದೆ.

* * *

ಇನ್‌ಸ್ಪೆಕ್ಟರ್ ಬಂದಾಗ ಬಿಸಿಲು ಇಳಿಯುತ್ತಿತ್ತು. ಎಲ್ಲರನ್ನೂ ಉಗ್ರಾಣಕ್ಕೆ ಕರೆದೆ. ಅಜ್ಜಿಯನ್ನೂ.

"ಸರ್, ಮೂಳೆ ಕದಿಯೋಕೆ ಬಂದೋರು ಗೋಡೆ ಯಾಕೆ ಕೆರೀತಾರೆ?" ಎಂದು ನಿರ್ದೇಶಕರನ್ನು ಕೇಳಿದೆ.

"ಅಂದ್ರೆ?"

"ಗುಂಡಿ ಎಷ್ಟು ಆಳ ಅನ್ನೋದಲ್ಲ, ಯಾವ ಪದರದಿಂದ ತೋಡಿದ್ರು ಅನ್ನೋದು ಲೆಕ್ಕ. ಮೊದಲನೇ ದಿನ ನೀವೇ ಈ ಪಾಠ ಮಾಡ್ತೀರಿ. ಹಳೇ ಮಡಕೆಗಳ ಮಟ್ಟದಲ್ಲಿ ಸಿಕ್ಕಿದ್ದಕ್ಕೆ ಅವಳೂ ಹಳಬಳು ಅಂದ್ರಿ. ಆದ್ರೆ ಗುಂಡಿ ಬಾಟ್ಲಿ ಮುಚ್ಚಳದ ಪದರವನ್ನೇ ಸೀಳಿತ್ತು. ಆ ಮುಚ್ಚಳ ಬಿದ್ದ ಮೇಲೇ ಅವಳನ್ನ ಹೂತಿದಾರೆ. ಗುಬ್ಬಿ ಅದನ್ನ ತೋರಿಸಿದ್ದು ನಿಮಗೊಬ್ಬರಿಗೇ. ಒಂದು ಗೇಣು ಕೆರೆದ್ರೆ ಆ ಗುರುತು ಅಳಿಸಿಹೋಗುತ್ತೆ ಅಂತ ಗೊತ್ತಿರೋದೂ ನಿಮಗೆ. ಈ ಬೀಗಕ್ಕೆ ಎರಡೇ ಕೀಲಿ. ಒಂದು ನನ್ನ ಸೊಂಟದಲ್ಲಿದೆ."

ಅದನ್ನೇ ಇಲ್ಲಿಯ ಭಾಷೆಯಲ್ಲಿ ಹೇಳಿ ಆ ಕೊನೆಯ ಪೆಟ್ಟಿಗೆ ತೋರಿಸಿದೆ. ಇನ್‌ಸ್ಪೆಕ್ಟರ್ ತೆರೆದರು. ಮೇಲೆಯೇ ಎಡಗೈ ಮೂಳೆ ಇತ್ತು. ನಡುವೆ ಗಂಟುಕಟ್ಟಿ ಸೊಟ್ಟಗಾಗಿತ್ತು.

ನಿರ್ದೇಶಕರು ಸ್ಟೂಲಿನ ಮೇಲೆ ಕೂತುಬಿಟ್ಟರು. "ಈಚಿನ ಹೆಣ ಅಂದ್ರೆ ಶಿಬಿರ ಮುಚ್ಚಿಸ್ತಾರೆ. ಇಡೀ ಜಗತ್ತಿಗೆ ಡಂಗುರ ಹೊಡೆದಾಗಿತ್ತು. ನಾನೇನು ಅವಳನ್ನ ಕೊಂದಿಲ್ಲ."

"ಕೊಂದಿಲ್ಲ. ಇನ್ನೊಂದ್ಸಲ ಹೂತಿರಿ," ಎಂದೆ. ಇವರ ಕೈಕೆಳಗೆ ಹತ್ತು ಬೇಸಿಗೆ ದುಡಿದಿದ್ದೆನಲ್ಲ ಎಂದು ನಾಚಿಕೆಯಾಯಿತು.

ಇನ್‌ಸ್ಪೆಕ್ಟರ್ ಅಜ್ಜಿಯ ಕಡೆ ತಿರುಗಿ ಪುಸ್ತಕ ತೆಗೆದರು. ಅವರ ಭಾಷೆಯಲ್ಲೇ ಕೇಳಿದರು, ಹತ್ತು ಬೇಸಿಗೆಯಲ್ಲಿ ನನಗೂ ಅದು ಅರ್ಥವಾಗುತ್ತಿತ್ತು. "ನಿಮಗೆ ಏನಾಗಬೇಕು ಇವರು?"

"ಅಕ್ಕ."

"ವಯಸ್ಸು?"

"ಹದಿನೇಳು."

ಇನ್‌ಸ್ಪೆಕ್ಟರ್ ಅಜ್ಜಿಯ ಬಿಳಿ ಕೂದಲು ನೋಡಿದರು. ಹಾಗೆಯೇ ಬರೆದುಕೊಂಡರು. "ಆಗ ಈ ಕಂದಕ ಇರೋ ಹೊಲ ಯಾರದಾಗಿತ್ತು?"

"ನಮ್ಮಪ್ಪಂದು." ಅಜ್ಜಿ ಆ ಮೂಳೆಯ ಮೇಲೆ ಕೈಯಿಟ್ಟರು. ಯಾರೂ ತಡೆಯಲಿಲ್ಲ. "ಯಾರ ಜೊತೇನೋ ಓಡಿಹೋದಳು, ಇನ್ನು ಅವಳ ಹೆಸರೆತ್ತಬೇಡಿ ಅಂದಿದ್ದೂ ಅಪ್ಪನೇ. ಒಂದು ಮಾತೂ ಹೇಳದೆ ಹೋದಳಲ್ಲ ಅಂತ ಮೊನ್ನೆವರೆಗೂ ನಾನು ಅವಳನ್ನ ಬೈಕೊಂಡೇ ಇದ್ದೆ."