ಅಟ್ಟದ ಮೇಲೆ ಹಸಿ ಕಾಯಿ

ಸಂಕ್ರಾಂತಿ ಕಳೆದ ಮೇಲಿನ ಬಿಸಿಲು. ಕಂದಿಕೆರೆಯ ಸರ್ವಮಂಗಳಮ್ಮನ ಅಂಗಳದಲ್ಲಿ ಬೆಳಗಿನಿಂದ ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಒತ್ತುವುದು, ತಿರುಚುವುದು, ಸಿಪ್ಪೆ ಎಸೆಯುವುದು.

ಧೊಪ್!

ನನ್ನ ಬೆನ್ನ ಹಿಂದೆ ಒಂದು ಕಾಯಿ ಬಿತ್ತು.

ಮರುಕ್ಷಣ ನಾನು ಟ್ರ್ಯಾಕ್ಟರಿನ ಟ್ರೈಲರ್ ಕೆಳಗಿದ್ದೆ!

ಸರ್ವಮಂಗಳಮ್ಮ ಬಗ್ಗಿ ನೋಡಿದರು. "ಏನ್ರೀ ತಿಮ್ಮರಾಜು, ಕಳ್ಳ ಅಲ್ಲಿ ಅವ್ನಾ?"

"ಕ್ಲೂ ಹುಡುಕ್ತಿದೀನಿ ಅಮ್ಮಾ..."

ನಗಬೇಡಿ. ತಿಪಟೂರಿನ ಏಕೈಕ ಪ್ರೈವೇಟ್ ಡಿಟೆಕ್ಟಿವ್ ನಾನು. ಮಚ್ಚಿಗೆ ಹೆದರಿದವನಲ್ಲ. ರಿವಾಲ್ವರಿಗೂ ಹೆದರಿದವನಲ್ಲ... ಅದನ್ನು ಇನ್ನೂ ಯಾರೂ ತೋರಿಸಿಲ್ಲ. ನಾನು ಹೆದರುವುದು ತೆಂಗಿನಕಾಯಿಗೆ. ಅದೂ ಈ ಸೀಮೆಯಲ್ಲಿ!

ಎರಡು ವರ್ಷದ ಹಿಂದೆ ಹುಳಿಯಾರಿನಲ್ಲಿ ಒಬ್ಬನನ್ನು ಅಟ್ಟಿಸಿಕೊಂಡು ಹೋಗಿ ಕೊಬ್ಬರಿ ಅಟ್ಟದ ಕೆಳಗೆ ನುಗ್ಗಿದ್ದೆ. ಅಟ್ಟ ಕುಸಿಯಿತು. ಕಾಯಿ ರಾಶಿಯಲ್ಲಿ ಹೂತುಹೋದ ನನ್ನನ್ನು ಬರಿಗೈಯಲ್ಲಿ ಬಗೆದು ಹೊರಗೆಳೆದವನು ಕಾಯಿ ಸುಲಿಯುವ ಹುಚ್ಚರಂಗಯ್ಯ. ಮೈ ಹೊರಗೆ ಬಂತು. ತಲೆ ಅಲ್ಲೇ ಉಳಿಯಿತು.

ತುಮಕೂರಿನ ಡಾಕ್ಟರ್ ಸೌಮ್ಯ ಅದನ್ನು ಪಿಟಿಎಸ್‌ಡಿ ಎಂದರು, ಆಘಾತ ಬಿಟ್ಟುಹೋದ ಭಯ. ಮಾತ್ರೆ, ಮಾತುಕತೆಯ ಜೊತೆಗೊಂದು ಮಷೀನು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ತಲೆಯ ಮೇಲೆ ತಂತಿ ಸುರುಳಿಯ ಕಾಯಿಲ್ ಇಟ್ಟು ಅಯಸ್ಕಾಂತದ ಮಿಡಿತ ಕಳಿಸುತ್ತಾರೆ. ಟಕ್ ಟಕ್ ಟಕ್... ಮರಕುಟಿಗ ಕೂತ ಹಾಗೆ. ಮಿಡಿತ ಎಷ್ಟು ಜೋರಿರಬೇಕೆಂದು ಅಳತೆ ನೋಡುವಾಗ ನನ್ನ ಹೆಬ್ಬೆರಳು ನನ್ನನ್ನು ಕೇಳದೇ ಹಾರಿತು!

"ಮೆದುಳು ಕೆಲಸ ಮಾಡ್ತಿದೆ," ಎಂದರು ಡಾಕ್ಟರು. ನನ್ನ ಬಗ್ಗೆ ಹಾಗೆ ಹೇಳಿದ ಮೊದಲಿಗರು. "ಭಯ ಹೋಗೇ ಹೋಗತ್ತೆ ಅಂತ ಹೇಳಲ್ಲ. ಭಯ ಬಂದಾಗ ಒಂದು ಉಸಿರಿನಷ್ಟು ಬಿಡುವು ಸಿಗಬಹುದು."

ಅರ್ಧ ಕೋರ್ಸ್ ಇನ್ನೂ ಬಾಕಿಯಿತ್ತು.

ಕೇಸು ಇಷ್ಟೇ. ಅಟ್ಟದಲ್ಲಿ ಒಣಗಲು ಬಿಟ್ಟ ಕಾಯಿ ಕಳುವಾಗುತ್ತಿದೆ ಎಂದು ಸರ್ವಮಂಗಳಮ್ಮನ ಅನುಮಾನ. ಆದರೆ ರಾಶಿ ಕರಗಿಲ್ಲ. ಇಲ್ಲಿಗೂ ಸುಲಿಯಲು ಬಂದಿದ್ದ ಹುಚ್ಚರಂಗಯ್ಯ ಏಣಿ ಹತ್ತಿ ಹೋದ. ನಾನು ಅಟ್ಟದ ಮನೆಯ ಬಾಗಿಲಲ್ಲಿ ನಿಂತು ತನಿಖೆ ಮಾಡಿದೆ.

ಅವನು ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದ. ಒಣಗಿದ್ದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನಬೇಕು.

"ಸದ್ದೇ ಇಲ್ಲ ಕಣ್ಲಾ! ಯಾವನೋ ಒಣಕಾಯಿ ಸಾಗ್ಸಿ ಹಸಿಕಾಯಿ ತುಂಬವ್ನೆ!"

ಕರ್ರ್... ಅಟ್ಟ ನರಳಿತು. ಹಸಿ ಕಾಯಿಯಲ್ಲಿ ನೀರಿರುತ್ತದೆ. ನೀರಿಗೆ ತೂಕವಿರುತ್ತದೆ. ಕಳ್ಳ ಅದನ್ನು ಮರೆತಿದ್ದ. ಅಟ್ಟಕ್ಕೆ ಹಾಸಿದ್ದ ದಬ್ಬೆಯೊಂದು ಮುರಿದು ಹುಚ್ಚರಂಗಯ್ಯನ ಕಾಲು ತೊಡೆಯವರೆಗೂ ಕೆಳಗೆ ಇಳಿಬಿತ್ತು.

ಏಣಿ ಮಾಯ! ಹಿಂಬಾಗಿಲಿಂದ ಬಂದ ರೇಣುಕಪ್ರಸಾದನ ಕೈಯಲ್ಲಿತ್ತು. ಸರ್ವಮಂಗಳಮ್ಮನ ಮೈದುನ. ಇನ್ನೊಂದು ಕೈಯಲ್ಲಿ ಮಚ್ಚು.

"ಅಟ್ಟ ಬಿದ್ರೆ ಹಸಿ ಯಾವ್ದು, ಒಣಗಿದ್ದು ಯಾವ್ದು ಅಂತ ಯಾವನ್ಗೆ ಗೊತ್ತಾಗ್ತದೆ? ನೀನು ನಡಿಯಲೇ ಆಚೆಗೆ!"

"ಮೇಲೆ ಮನುಷ್ಯ ಅವ್ನೆ ಕಣಯ್ಯಾ!"

ಅವನು ನಕ್ಕ. ಏಣಿ ಬಿಟ್ಟು, ಕಾಯಿಯೊಂದನ್ನು ಎತ್ತಿ ನನ್ನ ಕಾಲ ಬಳಿ ಎಸೆದ.

ಧೊಪ್!

ನನ್ನ ಗುಟ್ಟು ಊರಿಗೆಲ್ಲ ಗೊತ್ತಿತ್ತು.

ಕಣ್ಣು ಕತ್ತಲೆ. ಬಾಯಲ್ಲಿ ಹುಳಿಯಾರಿನ ಧೂಳು... ಆಮೇಲೆ ಎಲ್ಲಿಂದಲೋ ಒಂದು ಉಸಿರು. ಒಂದೇ!

ತಲೆ ತಗ್ಗಿಸಿ ನುಗ್ಗಿದೆ. ಅಷ್ಟು ಖರ್ಚು ಮಾಡಿದ ತಲೆ, ಅವನ ಹೊಟ್ಟೆಗೆ ಸರಿಯಾಗಿ ತಾಗಿತು. ಮಚ್ಚು ಹಾರಿತು. ಅವನು ಅಂಗಳಕ್ಕೆ ಓಡಿದ. ನಾನು ಏಣಿ ಇಟ್ಟು ಹತ್ತಿದೆ. ಕಿರುಚುತ್ತಲೇ ಹತ್ತಿದೆ!

"ಯಾಕ್ಲಾ ಅಂಗೆ ಬಡ್ಕಂತೀಯ?"

"ಕೈ ಕೊಡಣ್ಣಾ!"

ಕಾಲು ಬಿಡಿಸಿ ಎಳೆದೆ. ತೊಲೆ ಸೀಳಿತು. ಕಾಯಿ ಏರಿಸುವ ಕಿಂಡಿಯಿಂದ ಇಬ್ಬರೂ ಸಿಪ್ಪೆ ರಾಶಿಗೆ ಹಾರಿದೆವು. ಹಿಂದೆಯೇ ಅಟ್ಟ ಧಡಧಡ ಕುಸಿಯಿತು.

ಅಂಗಳದಲ್ಲಿ ಸುಲಿಯುವವರು ರೇಣುಕಪ್ರಸಾದನನ್ನು ಹಿಡಿದು ಕೂರಿಸಿದ್ದರು. ಸರ್ವಮಂಗಳಮ್ಮ ಪೊಲೀಸರಿಗೆ ಫೋನ್ ಮಾಡಿದ್ದರು.

"ಅವತ್ತು ನೀನು, ಇವತ್ತು ನಾನು," ಏದುಸಿರು ಬಿಟ್ಟೆ. "ಚುಕ್ತಾ ಅಣ್ಣಾ."

"ಎಲ್ಲಿ ಚುಕ್ತಾ? ನಾನು ನಿನ್ನ ಎತ್ಕಂಡು ಬಂದೆ. ನೀನು ನನ್ನ ಮ್ಯಾಲೆ ಬಿದ್ದೆ!"

ಹುಚ್ಚರಂಗಯ್ಯ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಬಳಿ ತಂದು ಅಲ್ಲಾಡಿಸಿದ.

"ಇನ್ನೂ ಹಸಿ ಐತೆ. ಆ ಮಷೀನ್ ಬುಡಬ್ಯಾಡ ಕಣ್ಲಾ."

ಸೋಮವಾರ ತುಮಕೂರಿಗೆ ಹೋದೆ. ಆಸ್ಪತ್ರೆಯ ಗೇಟಿಗೇ ಎಳನೀರಿನ ಗಾಡಿ... ಹಿಂದಿನ ಕಾಂಪೌಂಡ್ ಹಾರಿ ಒಳಗೆ ಹೋದೆ!