ಖಾಲಿ ಕುರ್ಚಿಯಲ್ಲಿ ಕೂತವನು

"ಇದು... ತಿನ್ನೋಕೆ ಇಟ್ಟಿದ್ದಾ?"

ಪಕ್ಕದಿಂದ ಬಂದ ದನಿಗೆ ಯುನ್ರು ತಿರುಗಲಿಲ್ಲ. ಸತ್ತವರು ಓಡಾಡುವ ಏಳನೇ ತಿಂಗಳಲ್ಲಿ ಯಾರು ಮಾತಾಡಿಸಿದರೂ ಥಟ್ಟನೆ ತಿರುಗಬಾರದೆಂದು ಅಪ್ಪ ಚಿಕ್ಕಂದಿನಿಂದಲೇ ಹೇಳಿಕೊಟ್ಟಿದ್ದ. ಅವಳು ಕಣ್ಣಂಚಿನಲ್ಲೇ ನೋಡಿದಳು.

ಅಪ್ಪನ ಖಾಲಿ ಕುರ್ಚಿಯ ಪಕ್ಕ ಒಬ್ಬ ಯುವಕ ನಿಂತಿದ್ದ. ಬಿಳುಚಿದ ಮುಖ, ಒದ್ದೆ ತೋಳು. ಚಿಯಾಯಿ ಊರಿನ ಆ ಸಂಜೆಯ ಸೆಖೆಗೆ ಇಡೀ ಕ್ರೀಡಾಂಗಣ ಬೆವರುತ್ತಿತ್ತು. ಅವನ ಮೈಯಿಂದ ಮಾತ್ರ ತಣ್ಣನೆಯ ಗಾಳಿ ಬರುತ್ತಿತ್ತು.

ಕುರ್ಚಿಯ ಮೇಲೆ ಟರ್ಕಿ ಕೋಳಿ ಅನ್ನದ ಡಬ್ಬಿ ಇತ್ತು. ಹೋದ ಚಳಿಗಾಲದಲ್ಲಿ ತೀರಿಕೊಂಡ ಅಪ್ಪನಿಗೆಂದು ಯುನ್ರು ಇಟ್ಟದ್ದು. ಆ ಕುರ್ಚಿಗೂ ಟಿಕೆಟ್ ಕೊಂಡಿದ್ದಳು. ಸತ್ತವರ ಲೋಕದ ಬಾಗಿಲು ತೆರೆದಿರುವ ತಿಂಗಳು, ಎಲ್ಲರ ಮನೆಯ ಹೋದವರೂ ಬರುತ್ತಾರೆ, ತನ್ನ ಅಪ್ಪ ಬಂದರೆ ಕೊಕ್ಕರೆ ತಂಡದ ಬೇಸ್‌ಬಾಲ್ ಆಟ ನೋಡಲು ಇಲ್ಲಿಗೇ ಬರುತ್ತಾನೆ ಎಂದು ಅವಳ ಲೆಕ್ಕ.

ಬಂದವನು ಅಪ್ಪನಲ್ಲ. ಆದರೂ ಈ ತಿಂಗಳಲ್ಲಿ ಕೇಳಿದವರಿಗೆ ಇಲ್ಲವೆನ್ನಬಾರದು. ಅವಳು ತಲೆಯಾಡಿಸಿದಳು.

ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಒಂದು ತುತ್ತು ಬಾಯಿಗಿಟ್ಟು, "ಹುರಿದ ಈರುಳ್ಳಿ ಕಮ್ಮಿ ಹಾಕಿದಾರೆ" ಅಂದ.

ಪ್ರತಿ ಆಟಕ್ಕೂ, ಇದೇ ಕುರ್ಚಿಯಲ್ಲಿ, ಅಪ್ಪ ಆಡುತ್ತಿದ್ದ ಮಾತು ಅದು.

ಆಚೆ ಪಕ್ಕದಲ್ಲಿ ಆ-ಕಿಮ್ ಅತ್ತೆ ಮೈದಾನವನ್ನೇ ನೋಡುತ್ತ ಕೂತಿದ್ದಳು. ಹಿಂದಿನ ಸಾಲಿನಲ್ಲಿ ಲಿಯಾವ್ ಅಜ್ಜ. ಇಬ್ಬರೂ ಅಪ್ಪನ ಹಳೆಯ ಸಂಗಾತಿಗಳು. ಆಟಗಾರರು ಆಡುವುದಕ್ಕಿಂತ ಅವರ ನಡುವೆ ಏನು ನಡೆದಿದೆ ಎಂಬುದೇ ಇವರಿಗೆ ಹೆಚ್ಚು. ಇವರು ಈ ಹುಡುಗನ ಕಡೆ ಕಣ್ಣೂ ಹಾಯಿಸಲಿಲ್ಲ.

"ನೋಡಿ ಅಜ್ಜ," ಅಂದಳು ಆ-ಕಿಮ್ ಅತ್ತೆ, ಅಗತ್ಯಕ್ಕಿಂತ ಜೋರಾಗಿ. "ಶ್ಯೂ ಬಾಟ್ಲಿ ಕೊಟ್ಟ, ಕಚಾವ್ ತಗೊಳ್ಳಲಿಲ್ಲ. ಮನಸ್ತಾಪ ಇನ್ನೂ ಹೋಗಿಲ್ಲ."

ಚೆಂಡು ಎಸೆಯುವ ಕಚಾವ್, ಬ್ಯಾಟು ಹಿಡಿದವನ ಹಿಂದೆ ಕೂತು ಅದನ್ನು ಹಿಡಿಯುವ ನಾಯಕ ಶ್ಯೂ, ಇವರಿಬ್ಬರ ಜಗಳ ಹೋದ ವರ್ಷ ಪೇಪರಿನಲ್ಲಿ ಬಂದಾಗಿನಿಂದ ತಂಡ ಸೋಲುತ್ತಲೇ ಇತ್ತು.

"ಬಾಯಾರಿಕೆ ಇಲ್ದೆ ಇರಬಹುದಮ್ಮ."

"ಈ ಸೆಖೇಲಾ? ಡ್ರೆಸಿಂಗ್ ರೂಮ್ ಹಾಳು ಮಾಡಿದ್ದು ಆ ಹುಂಗ್ ಬೋರೆನ್. ಚಾಡಿಕೋರ. ಒಳಗಿನ ಜಗಳ ಹೊರಗೆ ಹಾಕಿದ. ತಂಡದಿಂದ ಓಡಿಸಿದ್ದೇ ಒಳ್ಳೇದಾಯ್ತು."

ಪಕ್ಕದವನ ಕೈ ಅನ್ನದ ಮೇಲೆ ನಿಂತಿತು.

"ಬಾಟ್ಲಿಯಲ್ಲಿರೋದು ಉಪ್ಪು ನಿಂಬೆ ರಸ," ಅಂದ ಅವನು ಮೆಲ್ಲಗೆ. "ಕಚಾವ್‌ಗೆ ಹುಳಿ ಆಗಲ್ಲ. ಶ್ಯೂ ಇನ್ನೊಂದು ಸಲ ಕೊಡ್ತಾನೆ. ಆಗಲೂ ಬೇಡ ಅಂತಾನೆ. ಆಮೇಲೆ ಶ್ಯೂ ಬೆನ್ನಿಗೊಂದು ಗುದ್ದುತ್ತಾನೆ. ಆಗ ಕುಡೀತಾನೆ."

ಹಾಗೆಯೇ ಆಯಿತು. ಕೊಟ್ಟ, ಬೇಡವೆಂದ, ಗುದ್ದಿದ, ಕುಡಿದ.

ಆ-ಕಿಮ್ ಅತ್ತೆಯ ಬೀಸಣಿಗೆ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಹಿಂದೆ ಲಿಯಾವ್ ಅಜ್ಜ "ಅಮಿತಾಭ... ಅಮಿತಾಭ..." ಎಂದು ಗೊಣಗುತ್ತಿದ್ದ. ತಂಡ ಗೆಲ್ಲಲೆಂದು ಬುದ್ಧನ ಹೆಸರು ಹೇಳುತ್ತಿದ್ದಾನೆಂದು ಯುನ್ರು ಅಂದುಕೊಂಡಳು.

ಇವರಿಗೆ ಕಾಣುತ್ತಿಲ್ಲ... ನನಗೊಬ್ಬಳಿಗೇ ಕಾಣುತ್ತಿದ್ದಾನೆ.

ಕೊನೆಯ ಚೆಂಡಿಗೆ ಮುಂಚೆ ಎಲ್ಲರೂ ಎದ್ದು ನಿಂತು ಕೂಗಿದರು. ಅವಳು ಮತ್ತೆ ಕೂರುವಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಕುರ್ಚಿ ಒದ್ದೆಯಾಗಿತ್ತು. ನೀರಿನ ಹೆಜ್ಜೆ ಗುರುತು ಮೆಟ್ಟಿಲಿನವರೆಗೆ ಹೋಗಿ ಅಲ್ಲಿ ಮಾಯವಾಗಿತ್ತು.

"ಮಗಳೇ," ಅಂದಳು ಆ-ಕಿಮ್ ಅತ್ತೆ, ದನಿ ನಡುಗುತ್ತಿತ್ತು. "ಡಬ್ಬಿ ಖಾಲಿ ಆಗಿದೆ. ನೀನೇ ತಿಂದ್ಯಾ?"

"...ಹೂಂ ಅತ್ತೆ."

"ಒಳ್ಳೇದು. ಒಳ್ಳೇದಾಯ್ತು."

ಹೆದರಬೇಕಾದವಳು ಮುಂದಿನ ಆಟಕ್ಕೆ ಏನು ಮಾಡಿದಳು ಅಂತೀರಿ? ಅನ್ನದಂಗಡಿಯಲ್ಲಿ, "ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಿ" ಅಂದಳು. ಕನ್ನಡಕದ ಅಂಗಡಿಯ ಕೆಲಸದಿಂದ ಬೇಗ ಹೊರಟು, ತುಟಿಗೆ ತೆಳ್ಳಗೆ ಬಣ್ಣವನ್ನೂ ಹಚ್ಚಿಕೊಂಡಳು. ನೀರಿನ ಹತ್ತಿರ ಹೋಗಬೇಡ, ರಾತ್ರಿ ಸೀಟಿ ಹೊಡೆಯಬೇಡ ಎಂದು ಊರೆಲ್ಲ ಎಚ್ಚರಿಸುವ ತಿಂಗಳಲ್ಲಿ ಆ ತುಟಿಬಣ್ಣ ಯಾರಿಗೆಂದು ಅವಳ ಮನಸ್ಸನ್ನೇ ಕೇಳಬೇಕು.

ಅವನು ಬಂದ. ಮತ್ತೆ ಮತ್ತೆ ಬಂದ. ಯಾವಾಗಲೂ ತಣ್ಣಗೆ, ಯಾವಾಗಲೂ ಒದ್ದೆ, ಯಾವಾಗಲೂ ಆಟ ಮುಗಿಯುವ ಮುಂಚೆ ಮಾಯ. ಯಾರು ಯಾರ ಪಕ್ಕ ಕೂರುವುದಿಲ್ಲ, ಯಾರು ಸೋತ ದಿನ ಎಲ್ಲರ ಬೂಟು ಒರೆಸುತ್ತಾನೆ, ಎಲ್ಲವೂ ಅವನಿಗೆ ಗೊತ್ತಿತ್ತು. ಗೋಡೆಯೊಳಗೆ ಇದ್ದು ನೋಡಿದವನ ಹಾಗೆ ಹೇಳುತ್ತಿದ್ದ.

"ಇಲ್ಲಿ ನಿಮ್ಮೊಬ್ಬರನ್ನ ಬಿಟ್ರೆ ನನ್ನ ಕಡೆ ಕಣ್ಣೆತ್ತಿ ನೋಡೋರಿಲ್ಲ," ಅಂದ ಒಂದು ದಿನ.

ಅವರಿಗೆ ನೀವು ಕಾಣುವುದಿಲ್ಲ ಎಂದು ಹೇಗೆ ಹೇಳುವುದು? ಸತ್ತವರಿಗೆ ಸತ್ತಿದ್ದೀರಿ ಅನ್ನಬಾರದಂತೆ.

"ಅದು ಅವರ ತಪ್ಪಲ್ಲ," ಅಂದಳು.

"ಗೊತ್ತು. ತಪ್ಪು ನಂದೇ ಅಂತಾರೆ."

ಬದುಕಿದ್ದಾಗ ಏನು ಮಾಡಿದ್ದನೋ ಪಾಪ... ಯುನ್ರುವಿಗೆ ಅವನ ಒದ್ದೆ ತೋಳನ್ನು ಒರೆಸಬೇಕೆನಿಸಿತು. ಕೈ ಚಾಚುವ ಧೈರ್ಯ ಬರಲಿಲ್ಲ.

ತಿಂಗಳ ನಡುವೆ, ಸತ್ತವರಿಗೆ ಎಡೆ ಇಡುವ ಹಬ್ಬದ ದಿನ, ಆಟಗಾರರು ಕ್ರೀಡಾಂಗಣದ ಬಾಗಿಲಲ್ಲಿ ಮೇಜು ಹಾಕಿ, ಹಣ್ಣು ಬಿಸ್ಕತ್ತು ಇಟ್ಟು, ಊದಿನಕಡ್ಡಿ ಹಿಡಿದು ಬಾಗಿದರು. ಹೊಗೆ ಮೇಲಿನ ಸಾಲುಗಳವರೆಗೆ ಬಂತು. ಹೊಗೆಯ ಆಚೆಯಿಂದ ಅವನು ನಡೆದು ಬಂದು ಕೂತ. ಅವತ್ತು ಯುನ್ರು ತಡೆಯಲಾರದೆ ಕೇಳಿದಳು.

"ನನ್ನಪ್ಪನ್ನ... ನೋಡಿದೀರಾ?"

ಅವನು ಡಬ್ಬಿಯ ಮುಚ್ಚಳ ಹಾಕಿದ. "ನೋಡಿದೀನಿ. ಬೇಲಿ ಹತ್ತಿರ ಬರ್ತಿದ್ರು."

ಯಾವ ಬೇಲಿ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಇಲ್ಲಿಗೂ ಅಲ್ಲಿಗೂ ನಡುವೆ ಒಂದು ಬೇಲಿ ಇರುತ್ತದೆಯೆಂದು ಅಜ್ಜಿ ಹೇಳುತ್ತಿದ್ದಳಲ್ಲ.

ಈ ಒಂದು ವಿಷಯಕ್ಕೇ ಅವಳು ಚಳಿಗಾಲದಿಂದ ನಿದ್ದೆಗೆಟ್ಟಿದ್ದಳು. ಆಟಗಾರರ ಜಗಳ ಪೇಪರಿನಲ್ಲಿ ಬಂದ ದಿನ, ಊಟದ ಮುಂದೆ, "ಆ ಬೋರೆನ್‌ನ ಒದ್ದು ಓಡಿಸಬೇಕು" ಎಂದು ಅವಳು ಕಿರುಚಿದ್ದಳು. ಅಪ್ಪ ಬಟ್ಟಲು ಕೆಳಗಿಟ್ಟು ಎದ್ದುಹೋದ. ಆಮೇಲೆ ಮಗಳ ಹತ್ತಿರ ಮಾತೇ ಆಡಲಿಲ್ಲ. ಹಾಗೆಯೇ ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಏಳಲಿಲ್ಲ.

"ನನ್ನ ಮೇಲೆ ಸಿಟ್ಟಿದೆಯಾ ಅಪ್ಪನಿಗೆ?"

"ಇಲ್ಲ. ‘ನನ್ನ ಮಗಳಿಗೆ ಮುಖ ತೋರಿಸೋಕೆ ಆಗ್ತಿಲ್ಲಪ್ಪ’ ಅಂದ್ರು. ಸಿಟ್ಟಿದ್ದಿದ್ದು ಅವರಿಗೆ ಅವರ ಮೇಲೇ."

"ಯಾಕೆ?"

"ಅದೊಂದು ಕೇಳಬೇಡಿ."

ಯುನ್ರು ಬಿಕ್ಕಿ ಬಿಕ್ಕಿ ಅತ್ತಳು. ಆ-ಕಿಮ್ ಅತ್ತೆ ಮೈದಾನವನ್ನು ಬಿಟ್ಟು ಅತ್ತಿತ್ತ ನೋಡಲಿಲ್ಲ. ಯುನ್ರುವಿನ ಕೈಯ ಮೇಲೆ ಒಂದು ಕ್ಷಣ ಕೊರೆಯುವ ಬೆರಳುಗಳು ಬಂದು ಕೂತವು. ಭಯವಾಗಲಿಲ್ಲ. ಅವು ಹೋದಾಗ ಮಾತ್ರ ಭಯವಾಯಿತು.

ತಿಂಗಳು ಮುಗಿದರೆ ಬಾಗಿಲು ಮುಚ್ಚುತ್ತದೆ. ಇವನೂ ಹೋಗುತ್ತಾನೆ.

ಆ ತಿಂಗಳ ಕೊನೆಯ ಆಟದ ದಿನ ಅವಳು ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದಳು. ಹೆಸರು ಕೇಳಬಾರದು, ಕೇಳಿದರೆ ಬೆನ್ನು ಹತ್ತುತ್ತಾರೆ ಎನ್ನುತ್ತಾರೆ ಹಿರಿಯರು. ಬೆನ್ನು ಹತ್ತಲಿ ಎಂಬುದೇ ಅವಳ ಆಸೆ.

"ನಿಮ್ಮ ಹೆಸರೇನು?"

ಅವನು ಬೆರಗಾಗಿ ಅವಳನ್ನೇ ನೋಡಿದ. "ನಿಮಗೆ... ಗೊತ್ತಿಲ್ವಾ?"

ಅಷ್ಟರಲ್ಲಿ ಬ್ಯಾಟಿಗೆ ಓರೆಯಾಗಿ ತಾಗಿದ ಚೆಂಡು ನೇರ ಅವಳ ಮುಖಕ್ಕೇ ಬಂತು. ಅವಳು ನೋಡುವಷ್ಟರಲ್ಲಿ ಅವನು ಅಡ್ಡ ಬಿದ್ದಿದ್ದ. ಚೆಂಡು ಅವನ ಹುಬ್ಬಿಗೆ ಬಡಿಯಿತು. ಬಿಳುಚಿದ ಕೆನ್ನೆಯ ಮೇಲೆ ರಕ್ತ ಇಳಿಯಿತು... ಬಿಸಿ ರಕ್ತ.

"ಅಯ್ಯೋ, ಟವೆಲ್ ಕೊಡ್ರಿ," ಎಂದು ಆ-ಕಿಮ್ ಅತ್ತೆ ಹಾರಿ ಬಂದು ಅವನ ಹಣೆ ಒತ್ತಿ ಹಿಡಿದಳು. ಲಿಯಾವ್ ಅಜ್ಜ ಹಿಂದಿನಿಂದ ಅವನ ಹೆಗಲು ಹಿಡಿದ. ಮರುಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅಜ್ಜ... ನಿಮಗೂ ಕಾಣ್ತಾನಾ?"

"ನಿನಗೂ ಕಾಣ್ತಾನಾ? ನನ್ನ ಕಾಲ ಹತ್ರ ಬಂತು, ಅದಕ್ಕೇ ಕಾಣ್ತಾನೆ ಅಂತ ಹೊಸ ಹಲ್ಲು ಕಟ್ಟಿಸೋದನ್ನೇ ನಿಲ್ಲಿಸಿಬಿಟ್ನಲ್ಲೇ!"

ಇಡೀ ಸಾಲಿಗೇ ಕಾಣುತ್ತಿದ್ದ. ಸತ್ತವನ ಕುರ್ಚಿಯಲ್ಲಿ ಕೂತು ಸತ್ತವನ ಅನ್ನ ಉಂಡವನನ್ನು ತಿಂಗಳಿಡೀ ಪ್ರತಿಯೊಬ್ಬರೂ, ತಮಗೊಬ್ಬರಿಗೇ ಕಾಣುತ್ತಿದ್ದಾನೆಂದು ಹೆದರಿ, ಕಂಡೂ ಕಾಣದವರಂತೆ ಕೂತಿದ್ದರು. ಎಲ್ಲರೂ ನಗಲು ಶುರುಮಾಡಿದರು.

ಗಾಯಕ್ಕೆ ಪಟ್ಟಿ ಕಟ್ಟಲು ಬಂದ ಸಿಬ್ಬಂದಿ ಕೇಳಿದ, "ಹೆಸರು? ಕೆಲಸ?"

"ಹುಂಗ್ ಬೋರೆನ್. ಮೀನು ಮಾರ್ಕೆಟ್ ಹಿಂದಿನ ಐಸ್ ಫ್ಯಾಕ್ಟರಿಯಲ್ಲಿ, ಎರಡು ಪಾಳಿ. ನಡುವಿನ ಬಿಡುವಲ್ಲಿ ಇಲ್ಲಿಗೆ ಬರ್ತೀನಿ."

ನಗು ನಿಂತಿತು.

ಆ ಹೆಸರು ಎಲ್ಲರಿಗೂ ಗೊತ್ತಿತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಎಸೆಯುವವರ ಅಭ್ಯಾಸಕ್ಕೆಂದು ಮೈದಾನದ ಬೇಲಿಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿದ್ದವನು ಅವನು. ಮುಖಕ್ಕೆ ಯಾವಾಗಲೂ ಜಾಲರಿ.

"ನೀವು ನನ್ನನ್ನ ಯಾರು ಅನ್ಕೊಂಡಿದ್ರಿ?" ಬೋರೆನ್ ಅವಳನ್ನೇ ಕೇಳಿದ.

"ಸತ್ತವರು," ಅಂದಳು ಯುನ್ರು.

"ಬೋರೆನ್ ಅಂತ ಗೊತ್ತಿದ್ದೂ ಅನ್ನ ಕೊಟ್ರಿ ಅನ್ಕೊಂಡಿದ್ದೆ. ಈ ಊರಲ್ಲಿ ಒಬ್ಬರಾದ್ರೂ ನನ್ನ ಕ್ಷಮಿಸಿದಾರೆ ಅಂತ..."

"ಹಾಗಾದ್ರೆ ಅಪ್ಪನ ಮಾತು? ಅದೂ ಸುಳ್ಳಾ? ಒಬ್ಬಳು ಅಳ್ತಿದಾಳೆ ಅಂತ ಕಟ್ಟಿ ಹೇಳಿದ್ದಾ?"

"ಸುಳ್ಳಲ್ಲ. ಬದುಕಿದ್ದಾಗ ಬಂದು ಹೇಳಿದ್ದು."

"ನೀವು ಅಪ್ಪನಿಗೆ ಏನಾಗಬೇಕು, ನಿಮ್ಮ ಹತ್ರ ಹೇಳೋಕೆ? ಏಳಿ ಇಲ್ಲಿಂದ."

ಅವನು ಎದ್ದ. ಈ ಸಲ ಮಾಯವಾಗಲಿಲ್ಲ, ಎಲ್ಲರ ಕಣ್ಣೆದುರೇ ಮೆಟ್ಟಿಲಿಳಿದು ಹೋದ.

ಅವನು ಕಣ್ಮರೆಯಾದ ಮೇಲೆ ಲಿಯಾವ್ ಅಜ್ಜ ಬಾಯಿಬಿಟ್ಟ. "ಮಗಳೇ, ಅವನು ಚಾಡಿ ಹೇಳಿದವನಲ್ಲ. ಜಗಳ ನೋಡಿ ಮನಸ್ಸು ತಡೀದೆ ಬೇಲಿ ಹತ್ರ ನಿನ್ನಪ್ಪನಿಗೆ ಹೇಳ್ಕೊಂಡ. ಅವರಿಬ್ಬರೂ ದಿನಾ ಒಂದೇ ಡಬ್ಬಿಲಿ ಉಣ್ತಿದ್ರು, ನೀನೂ ನಾವೂ ಬರೋ ಮುಂಚೆ. ನಿನ್ನಪ್ಪ ನಮಗೆ ಹೇಳಿದ. ನಮ್ಮೊಳಗೇ ಇರಲಿ ಅಂತ."

"ನಾನು ಫೋನಲ್ಲಿ ಅಭಿಮಾನಿಗಳ ಗುಂಪಿಗೆ ಹಾಕಿಬಿಟ್ಟೆ," ಅಂದಳು ಆ-ಕಿಮ್ ಅತ್ತೆ. "ಬೆಳಗಾದ್ರೆ ಪೇಪರಲ್ಲಿ. ಕ್ಲಬ್ಬಿಗೆ ಹೋಗಿ ತಪ್ಪು ನಮ್ಮದು ಅಂತ ಹೇಳೋಣ ಅಂದ ನಿನ್ನಪ್ಪ. ಅಷ್ಟರಲ್ಲಿ ಅವನೇ ತೀರಿಹೋದ. ನಾವು ಬಾಯಿ ಮುಚ್ಕೊಂಡ್ವಿ. ಆ ಹುಡುಗನ್ನ ಜೋರಾಗಿ ಬೈದ್ರೆ ನನ್ನ ಹೊಟ್ಟೆ ಉರಿ ಕಮ್ಮಿ ಆಗ್ತಿತ್ತು ಕಣೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಎರಡರ ಜೊತೆ ಒಬ್ಬನ ಬದುಕೂ ಹೋಗಿತ್ತು.

ಅಪ್ಪ ಬಟ್ಟಲು ಕೆಳಗಿಟ್ಟದ್ದು ಯಾಕೆಂದು ಯುನ್ರುವಿಗೆ ಈಗ ತಿಳಿಯಿತು. ಮಗಳು ಶಪಿಸಿದ್ದು ಬೋರೆನ್‌ನನ್ನಾದರೂ, ಮಾಡಿದ ತಪ್ಪು ಅಪ್ಪನದು. ಅಷ್ಟೆಲ್ಲ ಗೊತ್ತಿದ್ದೂ ಆ ಹುಡುಗ, ಅವಳು ಎಲ್ಲರೆದುರು ಎಬ್ಬಿಸಿ ಕಳಿಸುವಾಗಲೂ, ಅಪ್ಪನ ತಪ್ಪಿನ ಮಾತೆತ್ತಲಿಲ್ಲ.

ಮರುದಿನ ಅವಳು ಐಸ್ ಫ್ಯಾಕ್ಟರಿಗೆ ಹೋದಳು. ಮಂಜಿನಂಥ ಹೊಗೆಯ ನಡುವೆ ಬೋರೆನ್ ಐಸ್ ಗಡ್ಡೆಗಳನ್ನು ಇಕ್ಕಳದಲ್ಲಿ ಎಳೆಯುತ್ತಿದ್ದ. ಹುಬ್ಬಿನ ಮೇಲೆ ಪಟ್ಟಿ ಇತ್ತು.

"ಅತ್ತೆ ಅಜ್ಜ ಇಬ್ರೂ ಕ್ಲಬ್ಬಿಗೆ ಹೋಗಿದಾರೆ," ಅಂದಳು. "ಎಲ್ಲ ಹೇಳೋಕೆ. ಅಪ್ಪನ ಹೆಸರೂ ಸೇರಿಸಿ. ನಾನೇ ಹೇಳಿ ಅಂದೆ."

ಅವನು ಇಕ್ಕಳ ಕೆಳಗಿಟ್ಟ. "ಅದು ಬೇಕಿರಲಿಲ್ಲ. ನನ್ನ ಕೆಲಸ ಹೋಯ್ತು, ಮುಗೀತು. ನಿಮಗೆ ಉಳಿದಿರೋದು ಅವರ ನೆನಪೊಂದೇ."

"ಆ ನೆನಪು ಸುಳ್ಳಿನ ಮೇಲೆ ನಿಲ್ಲೋದು ಬೇಡ. ನನ್ನಪ್ಪ ತಪ್ಪು ಮಾಡಿದ, ನಾಚಿಕೊಂಡ. ನನ್ನ ಮೇಲೆ ಸಿಟ್ಟು ಇಟ್ಕೊಂಡು ಹೋಗ್ಲಿಲ್ಲ. ನಂಗೆ ಅಷ್ಟು ಸಾಕು." ಅವಳ ಕಣ್ಣು ತುಂಬಿ ಬಂತು. "ನಿನ್ನೆ ಆಡಿದ ಮಾತಿಗೆ... ನನ್ನ ಕ್ಷಮಿಸ್ತೀರಾ?"

"ಕ್ಷಮಿಸೋಕೆ ಏನಿದೆ? ನೀವು ಅಷ್ಟು ದಿನ ಮಾತಾಡಿದ್ದು ಯಾವನೋ ಸತ್ತವನ ಜೊತೆ. ನನ್ನ ಜೊತೆ ಅಲ್ಲ."

ಯುನ್ರು ಕಣ್ಣೊರೆಸಿಕೊಂಡಳು. ಹೇಳಬೇಕೋ ಬೇಡವೋ ಎಂದು ಯೋಚಿಸುವ ಕಾಲ ಮೀರಿತ್ತು.

"ಸತ್ತಿದೀರಿ ಅಂತ ಗೊತ್ತಿದ್ದೂ ಪ್ರೀತಿಸಿದೆ. ತಿಂಗಳು ಮುಗಿದ್ರೆ ಹೋಗಿಬಿಡ್ತೀರಿ ಅಂತ ಗೊತ್ತಿದ್ದೂ ಪ್ರೀತಿಸಿದೆ. ಈಗ ಬದುಕಿದೀರಿ ಅಂತ ಗೊತ್ತಾಗಿದೆ... ಬಿಟ್ಟುಬಿಡ್ತೀನಾ?"

ಬೋರೆನ್‌ನ ಬಿಳಿ ಕಿವಿಗಳು ಮೆಲ್ಲಗೆ ಕೆಂಪಾದವು.

"ಬದುಕಿರೋನು ಅಷ್ಟು ಒಳ್ಳೆಯವನಲ್ಲ," ಅಂದ ಕೊನೆಗೆ. "ಗೊರಕೆ ಹೊಡೀತಾನೆ. ತಂಡ ಸೋತ ದಿನ ಊಟ ಬಿಡ್ತಾನೆ."

"ಕೊಕ್ಕರೆ ತಂಡ ಸೋತಾಗೆಲ್ಲ ಊಟ ಬಿಟ್ರೆ ಬದುಕಿ ಉಳಿಯೋದು ಕಷ್ಟ ಇದೆ."

ಅವನು ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಇದೇ ಮೊದಲು.

"ಯಾರಾದ್ರೂ ಬೈದು ಉಣ್ಣಿಸೋರು ಬೇಕು ಅನ್ಸುತ್ತೆ," ಅಂದ.

"ಬೈತೀನಿ," ಅಂದಳು ಯುನ್ರು. "ಉಣ್ಣಿಸ್ತೀನಿ."